ಭೇಷಪ್ಪ ಹೊಗಳುವುದನ್ನು ಬಿಟ್ಟದ್ದು

ನಮ್ಮೂರಿನಲ್ಲಿ ಅತಿ ದೊಡ್ಡ ಹೊಗಳಿಕೆ ಎಂದರೆ "ಪರವಾಗಿಲ್ಲ" ಎನ್ನುವುದು. ಸೂಲಿಬೆಲೆಯ ದೊಡ್ಡ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಸಿಗುವ ಊರು ನಮ್ಮದು. ಇಲ್ಲಿ ಮದುವೆಯ ಹೆಣ್ಣು ಪರವಾಗಿಲ್ಲ, ಊಟ ಪರವಾಗಿಲ್ಲ, ಫಸ್ಟ್ ಕ್ಲಾಸಿನಲ್ಲಿ ಪಾಸಾದ ಮಗನೂ ಪರವಾಗಿಲ್ಲ. ಅದಕ್ಕಿಂತ ಒಂದು ಮಾತು ಹೆಚ್ಚಾಡಿದರೆ ದೃಷ್ಟಿಯಾಗುತ್ತದೆ. ಆದ್ದರಿಂದ ಹೊಸ ಮನೆಯ ಮುಂದೆ ರಾಕ್ಷಸನ ಮುಖ ಬರೆದ ಬೂದುಗುಂಬಳಕಾಯಿ, ಟೊಮೆಟೊ ತೋಟದಲ್ಲಿ ಸುಣ್ಣದ ಚುಕ್ಕೆಯಿಟ್ಟ ಮಡಕೆ, ಹಸುವಿನ ಕೊರಳಿಗೆ ಕರಿ ದಾರ, ಕೂಸಿನ ಕೆನ್ನೆಗೆ ಕಾಡಿಗೆ ಬೊಟ್ಟು. ಚಿಕ್ಕಂದಿನಲ್ಲಿ ನನಗೆ ಮಾತ್ರ ಬೊಟ್ಟು ಇಡುತ್ತಿರಲಿಲ್ಲವಂತೆ. ಯಾಕೆಂದು ಕೇಳಿದರೆ, "ಅವಶ್ಯಕತೆ ಕಾಣ್ಲಿಲ್ಲಪ್ಪ" ಎಂದಿದ್ದಳು ನಮ್ಮಮ್ಮ.

ಇಂಥ ಊರಿನಲ್ಲಿ ಚಿಕ್ಕವೆಂಕಟಪ್ಪ ಹುಟ್ಟಿದ. ಅವನು ನನಗಿಂತ ನಾಲ್ಕಾರು ವರ್ಷ ದೊಡ್ಡವನು, ಊರಿನ ವರಸೆಯಲ್ಲಿ ನನಗೆ ಅಣ್ಣನಾಗಬೇಕು. ಅಣ್ಣನಾದ್ದರಿಂದಲೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ಒಂದಿಷ್ಟು ಹೊಲ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಬೆಳಗ್ಗೆ ಸಂಜೆ ಡೇರಿಗೆ ಹಾಲು. ಊರಿನ ಉಳಿದ ಗಂಡಸರಿಗೂ ಅವನಿಗೂ ಇದ್ದ ವ್ಯತ್ಯಾಸ ಒಂದೇ. ಚೆನ್ನಾಗಿರುವುದು ಏನೇ ಕಂಡರೂ ಅವನಿಗೆ ನಿಲ್ಲಬೇಕು, ನೋಡಬೇಕು, ಬಾಯಿಬಿಟ್ಟು ಹೇಳಬೇಕು. "ಭೇಷ್" ಎಂಬುದು ಬರೀ ಆರಂಭ ಅಷ್ಟೇ. ಆಮೇಲೆ ವಿವರಗಳು ಬರುತ್ತಿದ್ದವು. ಮುನಿರತ್ನಮ್ಮನ ಅವರೆ ಹೊಲದ ಬದುವಿನಲ್ಲಿ ನಿಂತು, "ಭೇಷ್ ಕಣಕ್ಕ. ಏನ್ ಸೊಗಡು. ಕಾಯಿ ನೋಡು, ಎಣ್ಣೆ ಹಚ್ಚಿ ತಲೆ ಬಾಚಿದ ಸ್ಕೂಲ್ ಮಕ್ಳಂಗೆ ಸಾಲಾಗಿ ನಿಂತವೆ" ಎನ್ನುವನು. ಮುನಿರತ್ನಮ್ಮ ಸೆರಗಿನ ಮರೆಯಲ್ಲಿ ನೆಲಕ್ಕೆ ಥೂ ಥೂ ಎಂದು ಉಗಿದು, "ಹುಳ ಬಿದ್ದೈತೆ ಬಿಡಣ್ಣ" ಎನ್ನುವಳು. ಬಾಯಿ ಹಾಗೆಂದರೂ ಅವತ್ತೆಲ್ಲ ಅವಳ ನಡಿಗೆ ಬೇರೆಯಾಗಿರುತ್ತಿತ್ತು.

ಊರು ಅವನನ್ನು ಭೇಷಪ್ಪ ಎಂದು ಕರೆಯಿತು. ಅಸಲು ಹೆಸರು ರೇಷನ್ ಕಾರ್ಡಿನಲ್ಲಿ ಉಳಿದುಕೊಂಡಿತು.

ಈ ಚಾಳಿ ಅವನಿಗೆ ತಾಯಿಯಿಂದ ಬಂದದ್ದು. ಅವನ ತಾಯಿ ಮುನಿವೆಂಕಟಮ್ಮನಿಗೆ ನಡುವಯಸ್ಸಿನಲ್ಲೇ ಕಣ್ಣು ಹೋಯಿತು. ಆಕೆ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಹೊಲದಿಂದ ಬಂದ ಮಗನನ್ನು ದಿನಾ ಕೇಳುವಳು: "ಇವತ್ತೇನ್ ನೋಡ್ದೆ ಮಗ?" ಆಗಿನ್ನೂ ಮೀಸೆ ಮೂಡದ ಹುಡುಗ. ಬೇಜಾರಿನ ಸುದ್ದಿ ತಾಯಿಗೆ ಬೇರೆಯವರಿಂದ ಧಾರಾಳವಾಗಿ ಸಿಗುತ್ತಿತ್ತು. ಹಾಗಾಗಿ ಇವನು ಚೆನ್ನಾಗಿದ್ದುದನ್ನು ಮಾತ್ರ ಆಯ್ದು ಹೇಳತೊಡಗಿದ. ಹೇಳಬೇಕೆಂದರೆ ದಾರಿಯುದ್ದಕ್ಕೂ ನೋಡಬೇಕು, ನೋಡಿದ್ದನ್ನು ಮನೆ ತಲುಪುವವರೆಗೂ ಬಾಯಲ್ಲಿ ಉರು ಹೊಡೆಯಬೇಕು. ತಾಯಿ ತೀರಿಕೊಂಡ ಮೇಲೂ ನೋಡುವುದು ನಿಲ್ಲಲಿಲ್ಲ. ಮನೆಯಲ್ಲಿ ಕೇಳುವವರು ಇರಲಿಲ್ಲವಾದ್ದರಿಂದ ಊರಿಗೇ ಹೇಳತೊಡಗಿದ.

ನನ್ನ ಬರಹಗಳನ್ನು ಹೊಗಳಿದವನೂ ಅವನೊಬ್ಬನೇ. ನಾನು ಹೊಸಕೋಟೆಯ ಒಂದು ಆಫೀಸಿನಲ್ಲಿ ಗುಮಾಸ್ತ. ಬಿಡುವಿನಲ್ಲಿ ವಾರಪತ್ರಿಕೆಯೊಂದಕ್ಕೆ ನಗೆಬರಹ ಬರೆಯುತ್ತಿದ್ದೆ. ಊರಿನವರಿಗೆ ನಾನು ಬರೆಯುತ್ತೇನೆಂದು ಗೊತ್ತಿತ್ತು. ನಗಬೇಕೆಂದು ಗೊತ್ತಿರಲಿಲ್ಲ. ಭೇಷಪ್ಪ ಮಾತ್ರ ಕಟಿಂಗ್ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ, "ಭೇಷ್ ಕಣೋ ತಮ್ಮ, ಈ ಸಾಲು ನೋಡು, ಎಳೇ ಸೌತೇಕಾಯಿ ಮುರ್ದಂಗೈತೆ" ಎಂದಿದ್ದ. ಮರುತಿಂಗಳೇ ಆ ಪತ್ರಿಕೆ ನಿಂತುಹೋಯಿತು. ಅದು ಮುಳುಗಲು ನನ್ನ ಬರಹವೊಂದೇ ಸಾಕಾಗಿತ್ತು, ಅವನ ನೆರವು ಬೇಕಿರಲಿಲ್ಲ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಗೋವಿಂದರಾಜು ಹೊಸ ಹಸು ತಂದದ್ದು ನಾಲ್ಕೈದು ವರ್ಷದ ಹಿಂದೆ. ನಮ್ಮೂರಿಗೆ ಅಂಥ ಹಸು ಬಂದಿರಲಿಲ್ಲ. ಅವನು ಅದನ್ನು ಊರೊಳಗಿನಿಂದ ಹೊಡೆದುಕೊಂಡು ಬರಬಾರದಿತ್ತು, ಹಿಂದಿನ ಓಣಿಯಿಂದ ತರಬೇಕಿತ್ತು. ಆದರೆ ಅವನಿಗೂ ನಾಲ್ಕು ಜನ ನೋಡಲಿ ಎಂಬ ಆಸೆ. ಡೇರಿಯ ಮುಂದೆ ಬೇಕೆಂದೇ ನಿಲ್ಲಿಸಿ, ಕಾಲಿಗೆ ಏನೋ ಚುಚ್ಚಿಕೊಂಡವನ ಹಾಗೆ ಬಗ್ಗಿದ. ಹಾಲು ಹಾಕಲು ನಿಂತವರೆಲ್ಲ ಆಕಾಶ ನೋಡಿದರು. ಭೇಷಪ್ಪ ಕ್ಯಾನು ಕೆಳಗಿಟ್ಟು ಹಸುವಿನ ಸುತ್ತ ಒಂದು ಸುತ್ತು ಬಂದ.

"ಭೇಷ್ ಗೋವಿಂದ. ಕೆಚ್ಚಲು ನೋಡು, ತುಂಬಿದ ಬಿಂದಿಗೆ ಬೋರ್ಲು ಹಾಕ್ದಂಗೈತೆ. ಬೆನ್ ಮ್ಯಾಲೆ ಮುದ್ದೆ ಇಟ್ರೂ ಉರುಳಾಕಿಲ್ಲ, ಅಷ್ಟು ಮಟ್ಟ. ಈ ಹೋಬಳೀಲಿ ಇಂಥದ್ದಿಲ್ಲ ಬಿಡು."

ಗೋವಿಂದರಾಜುವಿನ ಮುಖ ಅರಳಿತು. ಮರುಗಳಿಗೆಯಲ್ಲಿ ಸಂಪ್ರದಾಯ ನೆನಪಾಗಿ ಬಾಡಿತು.

ಒಂದು ವಾರ ಕಳೆಯುವುದರೊಳಗೆ ಹಸುವಿಗೆ ಕೆಚ್ಚಲು ಬಾವು ಬಂತು. ಹಿಂಡಿದರೆ ಗರಣೆ ಗರಣೆ ಹಾಲು, ಆಮೇಲೆ ರಕ್ತ. ಡಾಕ್ಟರು ಬಂದು ಸೂಜಿ ಚುಚ್ಚಿ, "ಕೊಟ್ಟಿಗೆ ನೆಲ ಕೆಸರು ಮಾಡ್ಕೊಂಡಿದ್ದೀರ, ಮೊದ್ಲು ಒಣಗ್ಸಿ" ಎಂದು ಹೇಳಿ ಹೋದರು. ಕೆಸರಿನ ಮೇಲೆ ತಪ್ಪು ಹೊರಿಸಿದರೆ ಕೊಟ್ಟಿಗೆಯ ಯಜಮಾನನ ಮೇಲೆಯೇ ಹೊರಿಸಿದಂತೆ. ಗೋವಿಂದರಾಜು ಅನುಗೊಂಡನಹಳ್ಳಿ ಕಡೆ ಎಲ್ಲೋ ಶಾಸ್ತ್ರ ಕೇಳಲು ಹೋದ. ಶಾಸ್ತ್ರ ಹೇಳುವವನು ಕವಡೆ ಬಿಟ್ಟು, "ನಿಮ್ಮೂರೋನೇ, ನಗ್ತಾ ಮಾತಾಡೋನೇ, ಮಾಟ ಮಾಡವ್ನೆ" ಎಂದನಂತೆ. ನಗುತ್ತಾ ಮಾತಾಡುವವನು ನಮ್ಮೂರಲ್ಲಿ ಒಬ್ಬನೇ ಇದ್ದದ್ದು ಭೇಷಪ್ಪನ ದುರದೃಷ್ಟ.

ಆಮೇಲೆ ಊರಿಗೆ ಜ್ಞಾಪಕಶಕ್ತಿ ಬಂತು. ಅವನು ಹೊಗಳಿದ ಅವರೆಗೆ ಮುಂದಿನ ವರ್ಷ ಹುಳ ಬಿದ್ದಿರಲಿಲ್ಲವೇ? ಬೀರೇಶನ ಹೊಸ ಬೈಕನ್ನು ನೋಡಿ ಭೇಷ್ ಎಂದ, ಬೈಕು ಚರಂಡಿಗೆ ಬಿತ್ತು. ಬೀರೇಶ ಅವತ್ತು ಯಾವ ಸ್ಥಿತಿಯಲ್ಲಿ ಓಡಿಸುತ್ತಿದ್ದ ಎಂಬುದು ಯಾರಿಗೂ ನೆನಪಾಗಲಿಲ್ಲ. ಅವನು ಹೊಗಳಿದ ಮೇಲೂ ಚೆನ್ನಾಗಿಯೇ ಉಳಿದ ಮನೆ, ತೋಟ, ಸೊಸೆಯಂದಿರು ಊರ ತುಂಬ ಇದ್ದರು. ಅವರು ಲೆಕ್ಕಕ್ಕೆ ಬರಲಿಲ್ಲ.

ಇನ್ನು ಪುರಾವೆಯೂ ಸಿಕ್ಕಿತು. ಹಸು ಕರು ಹಾಕಿದ ಮೇಲೆ ಬೀಳುವ ಕಸವನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವುದು ನಮ್ಮ ಕಡೆಯ ಪದ್ಧತಿ. ಮರದಲ್ಲಿ ಹಾಲು ಸುರಿಯುವ ಹಾಗೆ ಹಸುವಿಗೂ ಹಾಲು ಸುರಿಯಲಿ ಎಂದು. ಕೆರೆ ಏರಿಯ ಆಲದ ಮರದಲ್ಲಿ ಅಂಥ ಹತ್ತಾರು ಗಂಟುಗಳು ತೂಗುತ್ತವೆ. ಅವುಗಳಲ್ಲಿ ಭೇಷಪ್ಪ ಕಟ್ಟಿದ ಗಂಟು ಗೋವಿಂದರಾಜುವಿನ ಕೊಟ್ಟಿಗೆಯ ಕಡೆಗೆ ಮುಖ ಮಾಡಿದೆ ಎಂದು ಯಾರೋ ಪತ್ತೆಹಚ್ಚಿದರು. ಹುಲ್ಲಿನ ಗಂಟಿಗೆ ಮುಖ ಯಾವ ಕಡೆ ಎಂದು ನಾನು ಕೇಳಿದೆ. "ನೀವ್ ಓದಿರೋರು, ನಿಮಗ್ ಗೊತ್ತಾಗಾಕಿಲ್ಲ" ಎಂದರು. ಪಕ್ಕದ ಕೊಂಬೆಯಲ್ಲೇ ಗೋವಿಂದರಾಜು ಕಟ್ಟಿದ ಗಂಟೂ ತೂಗುತ್ತಿತ್ತು. ಅದು ಸಂಭಾವಿತ ಗಂಟು.

ಡೇರಿಗೆ ಭೇಷಪ್ಪ ಬಂದರೆ ಹೆಂಗಸರು ಕ್ಯಾನಿನ ಮೇಲೆ ಟವಲ್ ಮುಚ್ಚತೊಡಗಿದರು. ಡೇರಿಯ ಅಧ್ಯಕ್ಷ, ಊರಿನ ಯಜಮಾನನೂ ಆದ ಬೈರಣ್ಣ ಒಂದು ದಿನ ಅವನ ಹೆಗಲ ಮೇಲೆ ಕೈಯಿಟ್ಟು, "ಏನಪ್ಪಾ, ನೀನು ಎಲ್ರೂ ಹೋದ್ಮೇಲೆ ಬಾ. ನಿಂಗೂ ಆರಾಮು" ಎಂದ. ಭೇಷಪ್ಪ ಮೊದಮೊದಲು ಇದನ್ನು ತಮಾಷೆ ಎಂದುಕೊಂಡ. ಅವನ ಹೆಂಡತಿ ಭಾಗ್ಯಮ್ಮ ಹಾಗೆಂದುಕೊಳ್ಳಲಿಲ್ಲ. ಮಗಳು ಅರ್ಪಿತ ಆಗ ತುಂಬು ಗರ್ಭಿಣಿ, ನಲ್ಲೂರಿನ ಗಂಡನ ಮನೆಯಲ್ಲಿದ್ದಳು. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಭಾಗ್ಯಮ್ಮ ಬೇಳೆ, ಬೆಳ್ಳುಳ್ಳಿ, ಕೊಬ್ಬರಿ ಎಂದು ಡಬ್ಬಿ ತುಂಬಿಸುತ್ತಿದ್ದಳು. ಒಳಕೋಣೆಗೆ ಸುಣ್ಣ ಹೊಡೆಸಿದ್ದಳು. ತೊಟ್ಟಿಲನ್ನು ಅಟ್ಟದಿಂದ ಇಳಿಸಿ ತೊಳೆದಿದ್ದಾಗಿತ್ತು.

ಅರ್ಪಿತಳಿಗೆ ಹೊಸಕೋಟೆಯ ಆಸ್ಪತ್ರೆಯಲ್ಲಿ ಹೆಣ್ಣುಮಗುವಾಯಿತು. ಭೇಷಪ್ಪ ಹೊಸ ಷರಟು ಹಾಕಿಕೊಂಡು ಹೋದ. ವಾರ್ಡಿನ ಬಾಗಿಲಲ್ಲೇ ಬೀಗರು ರಾಮಾಂಜಿನಪ್ಪ ಸಿಕ್ಕರು. ಬಹಳ ಮರ್ಯಾದಸ್ಥರು. ಕೈಹಿಡಿದು ಹೊರಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿದರು.

"ಬೀಗರೇ, ನಂಗೇನೂ ನಂಬಿಕೆ ಇಲ್ಲ. ಆದ್ರೆ ನಮ್ ಮನೇಲಿ ಹೆಂಗಸ್ರು ಇದಾರಲ್ಲ. ನಿಮ್ಮೂರಿಂದ ಯಾರೋ ಫೋನ್ ಮಾಡವ್ರೆ. ನೀವು ನಿಮ್ ದೇವ್ರು ಮುಂದೆ ಕರ್ಪೂರ ಆರ್ಸಿ, ಊರೋರ ಬಾಯಿ ಮುಚ್ಚಿಸ್ಬಿಡಿ. ಅವತ್ತೇ ಬಾಣಂತೀನೂ ಮಗೂನೂ ನಮ್ ಕಾರಲ್ಲೇ ಕಳಿಸ್ಕೊಡ್ತೀನಿ."

"ಅಲ್ಲೀಗಂಟ?"

"ಅಲ್ಲೀಗಂಟ ಮಗೂನ ನೀವು ನೋಡ್ದಿದ್ರೆ ಒಳ್ಳೇದು ಅಂತ ಹೆಂಗಸ್ರು ಅಂತಾರೆ."

ಭೇಷಪ್ಪ ಮೊಮ್ಮಗಳ ಮುಖ ನೋಡದೆ ಬಸ್ಸು ಹತ್ತಿ ವಾಪಸ್ಸು ಬಂದ. ಹೊಸ ಷರಟಿನಲ್ಲೇ ಸೀದಾ ಬೈರಣ್ಣನ ಮನೆಗೆ ಹೋಗಿ, "ಪ್ರಮಾಣ ಇಡ್ಸಣ್ಣ" ಎಂದ.

ಭಾನುವಾರ ಬೆಳಗ್ಗೆ ಮುನೇಶ್ವರನ ಕಲ್ಲಿನ ಮುಂದೆ ಊರು ಸೇರಿತು. ಮಾಟ ಮಾಡಿಲ್ಲ ಎನ್ನುವವನು ಒದ್ದೆ ಬಟ್ಟೆಯಲ್ಲಿ ನಿಂತು, ಮಾತು ಕೊಟ್ಟು, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಬೇಕು. ಸುಳ್ಳು ಹೇಳಿ ಆರಿಸಿದರೆ ಮುನೇಶ್ವರ ನೋಡಿಕೊಳ್ಳುತ್ತಾನೆ. ನಾನೂ ಹೋಗಿದ್ದೆ. ಕೆಚ್ಚಲು ಬಾವು ಬರುವುದು ಬ್ಯಾಕ್ಟೀರಿಯಾದಿಂದ ಎಂದು ನಾಲ್ಕು ಮಾತು ತಯಾರು ಮಾಡಿಕೊಂಡಿದ್ದೆ. ಹೇಳಿಯೂ ಹೇಳಿದೆ. ಬೈರಣ್ಣ ಪೂರ್ತಿ ಕೇಳಿಸಿಕೊಂಡು, "ಸರಿ ಸ್ವಾಮಿ, ಆ ಬ್ಯಾಕ್ಟೀರಿಯಾ ಕಳ್ಸಿದ್ಯಾರು?" ಎಂದ. ಜನ ನಕ್ಕರು. ನನ್ನ ಸಾಹಿತ್ಯಜೀವನದಲ್ಲಿ ಊರವರು ನನ್ನ ಮಾತಿಗೆ ನಕ್ಕದ್ದು ಅದೊಂದೇ ಸಲ.

ಬೈರಣ್ಣ ಕರ್ಪೂರ ಹಚ್ಚಿದ. "ನೋಡಪ್ಪಾ ಚಿಕ್ಕವೆಂಕಟಪ್ಪ, ನಾನ್ ಹೇಳ್ದಂಗೆ ಹೇಳು, ಆರ್ಸು, ಮನೆಗ್ ಹೋಗಿ ಉಣ್ಣು. ಗೋವಿಂದನ ಹಸೀಗೆ ನಾನು ಮಾಟ ಮಾಡಿಲ್ಲ."

"ಮಾಡಿಲ್ಲ."

"ಕೆಟ್ಟದಾಗ್ಲಿ ಅಂತ ಅಂದ್ಕಂಡಿಲ್ಲ."

"ದೇವ್ರಾಣೆ ಅಂದ್ಕಂಡಿಲ್ಲ."

"ಅದರ ಮ್ಯಾಲೆ ಕಣ್ಣು ಹಾಕಿಲ್ಲ, ಹೊಗಳಿಲ್ಲ."

ಭೇಷಪ್ಪ ಬೈರಣ್ಣನ ಮುಖ ನೋಡಿದ. ಕರ್ಪೂರ ಉರಿಯುತ್ತಿತ್ತು.

"ಹೇಳಪ್ಪ."

"ಹೊಗಳಿದ್ನಲ್ಲ ಬೈರಣ್ಣ. ಎಲ್ರ ಮುಂದ್ಗಡೇನೇ ಹೊಗಳಿದ್ನಲ್ಲ."

"ಅದಿರ್ಲಿ, ಬಾಯ್ಮಾತಿಗೆ ಹೇಳು."

"ದೇವ್ರು ಮುಂದೆ ಹೆಂಗಣ್ಣ ಬಾಯ್ಮಾತು? ಚೆನ್ನಾಗಿತ್ತು, ಚೆನ್ನಾಗೈತೆ ಅಂದೆ."

ಭಾಗ್ಯಮ್ಮ ಹೆಂಗಸರ ಗುಂಪಿನಿಂದ, "ಹೊಗಳಿಲ್ಲ ಅಂತ ಅಂದ್ಬಿಡು ಅತ್ಲಾಗೆ, ಮಗು ಕಾಯ್ತೈತೆ" ಎಂದಳು. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಅವನು ಗೋವಿಂದರಾಜುವಿನ ಕಡೆ ತಿರುಗಿದ. ಅವನನ್ನು ಸಮಾಧಾನ ಮಾಡುವ ಉದ್ದೇಶ ಇತ್ತೆಂದು ನಾನು ಈಗಲೂ ಪ್ರಮಾಣ ಮಾಡಿ ಹೇಳಬಲ್ಲೆ.

"ನೀನೇ ಹೇಳು ಗೋವಿಂದ. ಕಾಯ್ಲೆ ಬಿದ್ರೂ ಆ ಬೆನ್ನು, ಆ ನಡಿಗೆ ಎಲ್ಲಿಗೋಗ್ತೈತೆ? ಇವತ್ತಿಗೂ ಅಂಥ ಹಸು ಈ ಹೋಬಳೀಲಿ..."

"ಕಣ್ ಹಾಕ್ದ, ಮತ್ತೆ ಹಾಕ್ದ ನೋಡ್ರಪ್ಪ" ಎಂದು ಗೋವಿಂದರಾಜು ಮಣ್ಣು ತೂರಿದ. ಹೆಂಗಸರು ಥೂ ಥೂ ಎಂದು ಉಗಿದರು. ಕರ್ಪೂರ ತಾನಾಗಿಯೇ ಉರಿದು ಮುಗಿದುಹೋಯಿತು. ಆರಿಸಲಾರದವನೇ ಮಾಟ ಮಾಡಿದವನು ಎಂದು ಜನ ಮಾತಾಡಿಕೊಂಡರು. ಸುಳ್ಳುಗಾರನಾಗಿದ್ದರೆ ಅವತ್ತು ಅವನು ಅರ್ಧ ನಿಮಿಷದಲ್ಲಿ ಗೆದ್ದು ಮನೆಗೆ ಹೋಗುತ್ತಿದ್ದ.

ಬೈರಣ್ಣ ಕೆಟ್ಟವನಲ್ಲ. ಬೀಗರ ವಿಷಯ ಅವನಿಗೂ ಗೊತ್ತಿತ್ತು. ಗಡ್ಡ ಕೆರೆದುಕೊಂಡು ಯೋಚಿಸಿ, ಇನ್ನೊಂದು ಬಿಲ್ಲೆ ಕರ್ಪೂರ ತೆಗೆದ. "ಆಗಿದ್ದು ಆಯ್ತು. ಹಿಂದಿನದ್ರ ಮ್ಯಾಲೆ ಪ್ರಮಾಣ ಬ್ಯಾಡ, ಮುಂದಿನದ್ರ ಮ್ಯಾಲೆ ಮಾಡು. ಇನ್ ಮೇಲಿಂದ ಯಾವ ದನ, ಯಾವ ಬೆಳೆ, ಯಾವ ಮಗೂನೂ ಬಾಯ್ಬಿಟ್ಟು ಹೊಗಳಾಕಿಲ್ಲ ಅನ್ನು. ಗೋವಿಂದ, ಒಪ್ಪಿಗೆನಾ?"

ಗೋವಿಂದರಾಜು ತಲೆಯಾಡಿಸಿದ. ಎಲ್ಲರಿಗೂ ಇದು ಬಹಳ ನ್ಯಾಯವಾದ ತೀರ್ಮಾನವಾಗಿ ಕಂಡಿತು. ನನಗೂ ಹಾಗೇ ಕಂಡಿತು. ಪುಕ್ಕಟೆ ಪರಿಹಾರ ಎಂದುಕೊಂಡೆ.

ಬೈರಣ್ಣ ಹಚ್ಚಿದ ಹೊಸ ಜ್ವಾಲೆಯನ್ನು ಭೇಷಪ್ಪ ಸ್ವಲ್ಪ ಹೊತ್ತು ನೋಡಿದ. ಅದೂ ಅವನಿಗೆ ಚೆನ್ನಾಗಿ ಕಂಡಿರಬೇಕು, ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ಆಮೇಲೆ ಬೈರಣ್ಣ ಹೇಳಿಕೊಟ್ಟ ಮಾತನ್ನು ಅಕ್ಷರ ಬಿಡದೆ ಹೇಳಿ, ಅಂಗೈಯನ್ನು ಕರ್ಪೂರದ ಮೇಲೆ ಒತ್ತಿದ.

ಮರುದಿನವೇ ರಾಮಾಂಜಿನಪ್ಪನವರ ಕಾರು ಬಂತು. ಭಾಗ್ಯಮ್ಮ ಆರತಿ ಎತ್ತಿದಳು. ಅರ್ಪಿತ ಮಗುವನ್ನು ಅಪ್ಪನ ಕಡೆ ಚಾಚಿದಳು. ಆ ಹುಡುಗಿ ಅಪ್ಪನ ಭೇಷ್ ಕೇಳಿಕೊಂಡೇ ಬೆಳೆದವಳು. ಚಿಕ್ಕಂದಿನಲ್ಲಿ ಅವಳ ರಂಗೋಲಿ ನೋಡಲು ಅವನು ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆಯುತ್ತಿದ್ದ. ಈಗಲೂ ಬಾಗಿಲಲ್ಲೇ ನಿಂತು ಆ ಒಂದು ಮಾತಿಗೆ ಕಾದಳು. ಬೀಗರೂ ಕಾದರು, ಬೇರೆ ಕಾರಣಕ್ಕೆ. ಭೇಷಪ್ಪ ಮಗುವಿನ ಮೇಲೆ ಬಗ್ಗಿದ.

"ಪರವಾಗಿಲ್ಲ" ಎಂದ.

ರಾಮಾಂಜಿನಪ್ಪನವರು ನಿಟ್ಟುಸಿರು ಬಿಟ್ಟು ಹೋಳಿಗೆ ಊಟಕ್ಕೆ ಕೂತರು. ಅರ್ಪಿತ ಒಳಕೋಣೆಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದಳು. ಪ್ರಯಾಣದ ಆಯಾಸ ಎಂದು ಎಲ್ಲರೂ ಹೇಳಿದರು.

ಅವತ್ತಿನಿಂದ ಭೇಷಪ್ಪ ಮಾತು ಮುರಿದಿಲ್ಲ. ಡೇರಿಯಲ್ಲಿ ಎಲ್ಲರ ಜೊತೆ ನಿಲ್ಲುತ್ತಾನೆ, ಕ್ಯಾನಿನ ಮೇಲಿನ ಟವಲುಗಳು ಹೋಗಿವೆ. ಬೆಲೆ, ಮಳೆ, ಕರೆಂಟು ಎಂದು ಎಲ್ಲರ ಹಾಗೆ ಮಾತಾಡುತ್ತಾನೆ. ಊರಿಗೆ ನೆಮ್ಮದಿಯಾಗಬೇಕಿತ್ತು. ಒಂದು ವರ್ಷದ ಮೇಲೆ ಮುನಿರತ್ನಮ್ಮ ನನ್ನನ್ನು ಬದುವಿನಲ್ಲಿ ನಿಲ್ಲಿಸಿ, "ಅವರೆ ಹೆಂಗೈತಪ್ಪ?" ಎಂದಳು. "ಪರವಾಗಿಲ್ಲ ಕಣಕ್ಕ" ಎಂದೆ. ಅವಳು, "ಅಷ್ಟೇನಾ?" ಎಂದಳು. ನಾನು ಮತ್ತೊಮ್ಮೆ ಹೊಲ ನೋಡಿದೆ. ಸಾಲಾಗಿ ನಿಂತ ಸ್ಕೂಲು ಮಕ್ಕಳು ನನ್ನ ಕಣ್ಣಿಗೆ ಬೀಳಲಿಲ್ಲ, ಬರೀ ಅವರೆಕಾಯಿ ಕಂಡಿತು.

ಗೋವಿಂದರಾಜುವಿನ ಕಥೆ ಇನ್ನೂ ಕಷ್ಟದ್ದು. ಕೊಟ್ಟಿಗೆಗೆ ಸಿಮೆಂಟು ಹಾಕಿಸಿದ. ಹಸು ಚೇತರಿಸಿಕೊಂಡು ಮತ್ತೆ ಕರು ಹಾಕಿತು, ತಾಯಿಯಂತೆಯೇ ಇರುವ ಕಡಸು. ಮೊನ್ನೆ ಅದರ ಹಗ್ಗ ಹಿಡಿದುಕೊಂಡು ಭೇಷಪ್ಪನ ಮನೆಯ ಮುಂದೆ ಮೂರು ಸಲ ಹಾದುಹೋದ. ಮೇಯಿಸುವ ಜಾಗ ಇರುವುದು ಊರಿನ ಇನ್ನೊಂದು ತುದಿಯಲ್ಲಿ. ಕೊನೆಗೆ ತಡೆಯಲಾರದೆ ನಿಂತ.

"ಏನಣ್ಣ, ನೋಡ್ದೇನು?"

ಜಗಲಿಯ ಮೇಲೆ ಕೂತಿದ್ದ ಭೇಷಪ್ಪ ಕಡಸನ್ನು ನೋಡಿದ. ನಾನೂ ಅಲ್ಲೇ ಕೂತಿದ್ದೆ. ಕಿವಿಯಿಂದ ಬಾಲದ ಕುಚ್ಚಿನವರೆಗೆ ನಿಧಾನವಾಗಿ ನೋಡಿದ್ದು ನನಗೆ ಕಂಡಿತು.

"ನೋಡ್ದೆ. ಕಡಸು."

"ಕಡಸೇನೋ ಕಡಸೇ. ಹೆಂಗೈತೆ?"

"ನಾಕು ಕಾಲೈತೆ ಬಿಡು ಗೋವಿಂದ."

ಗೋವಿಂದರಾಜು ಹಗ್ಗವನ್ನು ಬೆರಳಿಗೆ ಸುತ್ತುತ್ತಾ ನಿಂತ. "ಆವತ್ತಿನ ಮಾತು ಬಿಟ್ಬಿಡಣ್ಣ. ನಾನೇ ಒಪ್ತೀನಿ, ಒಂದ್ಸಲ ಹೇಳು" ಎಂದ. ಭೇಷಪ್ಪ ಎಡಗೈಯಿಂದ ಬಲಗೈಯ ಅಂಗೈ ಸವರಿಕೊಂಡು, "ನೀನ್ ಒಪ್ಪಿದ್ರೆ ಆಗಾಕಿಲ್ಲಪ್ಪ, ನಿನ್ ಕೈಲಿ ಮಾಡಿದ್ದಲ್ಲ ಪ್ರಮಾಣ. ಮಗು ಚಿಕ್ದು ನಮ್ಮನೇಲಿ" ಎಂದ. ಮುನೇಶ್ವರ ಕೋಪ ಮಾಡಿಕೊಂಡರೆ ಯಾರ ಮೇಲೆ ಮಾಡಿಕೊಳ್ಳುತ್ತಾನೆ ಎಂಬುದು ಅವನ ಭಯ. ಅವನ ಮೇಲೆ ಮಾಟದ ಸುದ್ದಿ ಹಬ್ಬಿಸಿದ ಊರಿನಲ್ಲಿ ಪ್ರಮಾಣವನ್ನು ನಿಜವಾಗಿ ನಂಬಿದವನು ಅವನೊಬ್ಬನೇ ಇರಬೇಕು.

ಆ ಮಗು ಅಕ್ಷತ. ಈಗ ಅಂಗನವಾಡಿಗೆ ಹೋಗುವ ವಯಸ್ಸು. ಅರ್ಪಿತ ಮತ್ತು ಗಂಡ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಹೆಚ್ಚಾಗಿ ಇಲ್ಲೇ ತಾತ ಅಜ್ಜಿಯ ಹತ್ತಿರ ಇರುತ್ತಾಳೆ. ಕಳೆದ ಶನಿವಾರ ಬೆಳಗ್ಗೆ ಭೇಷಪ್ಪ ಅವಳ ಕೈಹಿಡಿದುಕೊಂಡು ನಮ್ಮ ಮನೆಗೆ ಬಂದ. ಅವನ ಇನ್ನೊಂದು ಕೈಯಲ್ಲಿ ಒಂದು ಹಾಳೆ. ಮಗುವಿನ ಮುಖ ಉಬ್ಬಿತ್ತು, ಈಗಷ್ಟೇ ಅತ್ತು ಮುಗಿಸಿದ ಹಾಗಿತ್ತು.

"ತಾತಂಗೆ ನಾನ್ ಬರ್ದಿದ್ದು ಒಂದೂ ಇಷ್ಟ ಆಗಲ್ಲ" ಎಂದು ನನಗೆ ದೂರು ಕೊಟ್ಟಳು.

ಭೇಷಪ್ಪ ಹಾಳೆಯನ್ನು ನನ್ನ ಕೈಗೆ ಕೊಟ್ಟ. "ನೀನು ಬರೆಯೋನು, ನಿಂಗೆ ಮಾತು ಬತ್ತೈತೆ. ಇದು ಹೆಂಗೈತೆ ಅಂತ ಮಗೀಗೆ ಹೇಳೋ ತಮ್ಮ."

ಕ್ರೇಯಾನಿನಲ್ಲಿ ಬರೆದ ಹಸು. ಕೆಚ್ಚಲು ಹೊಟ್ಟೆಗಿಂತ ದೊಡ್ಡದಾಗಿತ್ತು. ಪಕ್ಕದಲ್ಲಿ ಹಸಿರು ಅಂಗಿ ಹಾಕಿದ ಒಬ್ಬ ಉದ್ದನೆಯ ಮನುಷ್ಯ. ಅವನಿಗೆ ಬಾಯಿ ಬರೆದಿರಲಿಲ್ಲ.

"ಚೆನ್ನಾಗಿದೆ ಪುಟ್ಟಿ" ಎಂದೆ.

ಮಗು ನನ್ನನ್ನು ಅಪನಂಬಿಕೆಯಿಂದ ನೋಡಿತು. ಭೇಷಪ್ಪ ಕೆಮ್ಮಿದ. ಹೊಗಳುವಂತಿಲ್ಲ, ಆದರೆ ಬೆರಳು ತೋರಿಸಬಾರದು ಎಂದು ಬೈರಣ್ಣ ಹೇಳಿಕೊಟ್ಟಿರಲಿಲ್ಲ. ಅವನ ಬೆರಳು ಹಸುವಿನ ಬೆನ್ನಿನ ಗೆರೆಯ ಮೇಲೆ ಹೋಗಿ ನಿಂತಿತು. ನಾನು ಬಗ್ಗಿ ನೋಡಿದೆ. ಗೆರೆ ಎಲ್ಲೂ ತುಂಡಾಗದೆ ಕೊಂಬಿನಿಂದ ಬಾಲದವರೆಗೆ ಒಂದೇ ಉಸಿರಿನಲ್ಲಿ ಬಂದಿತ್ತು.

"ಬೆನ್ನು ಬಲು ಮಟ್ಟವಾಗಿ ಬಂದಿದೆ" ಎಂದೆ. "ಮೇಲೆ ಮುದ್ದೆ ಇಟ್ಟರೂ ಉರುಳಲ್ಲ."

ಮಗುವಿನ ಕಣ್ಣು ಅಗಲವಾಯಿತು. ಭೇಷಪ್ಪನ ಬೆರಳು ಹಸುವಿನ ಕಣ್ಣಿನ ರೆಪ್ಪೆಗಳಿಗೆ ಜರುಗಿತು, ಅಲ್ಲಿಂದ ಕೆಚ್ಚಲಿಗೆ. ನಾನು ಒಂದೊಂದಕ್ಕೂ ತಿಣುಕುತ್ತಾ ಮಾತು ಹುಡುಕಿದೆ. ಮೂವತ್ತು ವರ್ಷದಿಂದ ಜನರನ್ನು ಗೇಲಿ ಮಾಡಿ ಬರೆದ ಕೈಗೆ ಒಂದು ಹಸುವನ್ನು ಹೊಗಳುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ನಾನು ತಡವರಿಸಿದಾಗಲೆಲ್ಲ ಭೇಷಪ್ಪನ ತುಟಿ ಅಲ್ಲಾಡುತ್ತಿತ್ತು. ಸದ್ದು ಬರುತ್ತಿರಲಿಲ್ಲ.

ಮಗು ಬಾಯಿಲ್ಲದ ಮನುಷ್ಯನನ್ನು ತೋರಿಸಿ, "ಇದು ತಾತ. ಹೆಂಗಿದೆ?" ಎಂದಿತು.

ನಾನು ಭೇಷಪ್ಪನ ಮುಖ ನೋಡಿದೆ. ಈ ಸಲ ಅವನು ಬೆರಳು ತೋರಿಸಲಿಲ್ಲ, ಹೊರಗೆ ಬೀದಿಯ ಕಡೆ ನೋಡುತ್ತಿದ್ದ.

"ಭೇಷ್" ಎಂದೆ.